ದುಡ್ಡು ಕೇಳುವಾಗ ಕನ್ನಡ, ರೋಗ ಹೇಳುವಾಗ ಇಂಗ್ಲಿಷ್!



ನಿಮ್ಮ ಮನೆಯಲ್ಲಿ ಹಳೆಯ ಆಸ್ಪತ್ರೆ ಚೀಟಿ ಒಂದಾದರೂ ಇದ್ದೇ ಇರುತ್ತದೆ. ಟ್ರಂಕಿನ ತಳದಲ್ಲೋ, ದೇವರ ಫೋಟೋದ ಹಿಂದೆಯೋ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲೋ ಇರುತ್ತದೆ. ಮುಂದೆ ಓದುವ ಮೊದಲು ಅದನ್ನು ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಕನ್ನಡ ಎಲ್ಲಿದೆ ಎಂದು ಹುಡುಕಿ.

ಸಿಕ್ಕಿತೇ? ಸಿಕ್ಕಿರುತ್ತದೆ. ಹಾಳೆಯ ತಳದಲ್ಲಿ ಒಂದು ಸಾಲು: ‘ಮುಂದಿನ ಸಲ ಬರುವಾಗ ಈ ಚೀಟಿ ತಪ್ಪದೇ ತರಬೇಕು.’ ಅದರ ಪಕ್ಕದಲ್ಲಿ ‘ಭಾನುವಾರ ರಜೆ.’ ಅಲ್ಲಿಗೆ ಕನ್ನಡ ಮುಗಿಯಿತು. ನಿಮ್ಮ ಮಗುವಿಗೆ ಬಂದ ರೋಗ ಯಾವುದು, ಕೊಟ್ಟ ಗುಳಿಗೆ ಯಾತಕ್ಕೆ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು, ಇದೆಲ್ಲ ಇಂಗ್ಲಿಷ್.

ಈಗ ಆಸ್ಪತ್ರೆಯ ಗೋಡೆಗಳನ್ನು ನೆನಪು ಮಾಡಿಕೊಳ್ಳಿ. ‘ಹಣ ಇಲ್ಲಿ ಕಟ್ಟಿರಿ.’ ಕನ್ನಡ. ‘ಚಪ್ಪಲಿ ಹೊರಗೆ ಬಿಡಿ.’ ಕನ್ನಡ. ‘ವೈದ್ಯರ ಮೇಲೆ ಹಲ್ಲೆ ಮಾಡುವುದು ಶಿಕ್ಷಾರ್ಹ ಅಪರಾಧ.’ ಅಚ್ಚ ಕನ್ನಡ, ಅದೂ ಕೆಂಪು ಅಕ್ಷರದಲ್ಲಿ! ಹಾಗಾದರೆ ಕನ್ನಡ ಬರುವುದಿಲ್ಲ ಎಂದು ಇವರು ಹೇಳುವಂತಿಲ್ಲ. ನಮ್ಮಿಂದ ಏನಾದರೂ ಪಡೆಯಬೇಕಾದಾಗ, ನಮ್ಮನ್ನು ಗದರಿಸಬೇಕಾದಾಗ ಇವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ನಮಗೆ ಏನಾದರೂ ತಿಳಿಸಬೇಕಾದಾಗ ಮಾತ್ರ ಮರೆತುಹೋಗುತ್ತದೆ.

ಇದನ್ನು ನಾನು ಯಾರದೋ ಬಾಯಲ್ಲಿ ಕೇಳಿ ಬರೆಯುತ್ತಿಲ್ಲ. ನಾನು ಬಳ್ಳಾರಿಯ ಒಬ್ಬ ಪ್ರೆಸ್ಸಿನವನು. ಓದಿದ್ದು ಪಿಯುಸಿ. ಅಪ್ಪನ ಕಾಲದ ಟ್ರೆಡಲ್ ಮಷೀನಿನಿಂದ ಹಿಡಿದು ಇವತ್ತಿನ ಆಫ್‌ಸೆಟ್ಟಿನವರೆಗೆ ಆಸ್ಪತ್ರೆ, ಕ್ಲಿನಿಕ್ಕು, ಲ್ಯಾಬುಗಳ ಪ್ಯಾಡು, ಕಾರ್ಡು, ಬಿಲ್‌ಬುಕ್ಕು ಅಚ್ಚು ಹಾಕಿಯೇ ನನ್ನ ಮನೆ ನಡೆದಿದೆ. ಆ ಇಂಗ್ಲಿಷ್ ಸಾಲುಗಳನ್ನು ಕೂಡಿಸಿದ ಕೈ ಇದೇ. ಆದ್ದರಿಂದ ಈ ಲೇಖನದ ಮೊದಲ ಆರೋಪಿ ನಾನೇ. ಉಳಿದವರ ಸರದಿ ಆಮೇಲೆ.

ಕಾರ್ಡಿನ ಬೆನ್ನಲ್ಲಿ ಇದ್ದದ್ದು

2024ರ ಮಳೆಗಾಲ ನಿಮಗೆ ನೆನಪಿರಬಹುದು. ರಾಜ್ಯದ ತುಂಬ ಡೆಂಗಿ. ಸೆಪ್ಟೆಂಬರ್ ಆರಂಭದ ಹೊತ್ತಿಗೆ ಪ್ರಕರಣಗಳು 25 ಸಾವಿರ ದಾಟಿ, ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಆ ಮಳೆಗಾಲದಲ್ಲಿ ಸಿರುಗುಪ್ಪಕ್ಕೆ ಕೊಟ್ಟ ನನ್ನ ತಂಗಿಯ ಮಗಳಿಗೆ ಜ್ವರ ಬಂತು. ಒಂಬತ್ತು ವರ್ಷದ ಹುಡುಗಿ. ಬಳ್ಳಾರಿಗೆ ತಂದು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಹೆಸರು ಬೇಡ, ಇದು ಒಂದೇ ಆಸ್ಪತ್ರೆಯ ಕಥೆಯಲ್ಲ. ಐದನೇ ದಿನ ಜ್ವರ ಬಿಟ್ಟಿತು. ಡಿಸ್ಚಾರ್ಜ್ ಆಯಿತು. ಕೈಗೊಂದು ಕಾರ್ಡು ಕೊಟ್ಟರು. ನಮ್ಮ ಭಾವ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದರು.

ಅವತ್ತು ರಾತ್ರಿ ಮಗುವಿಗೆ ಹೊಟ್ಟೆನೋವು. ಎರಡು ಸಲ, ಮೂರು ಸಲ ವಾಂತಿ. ಕೈಕಾಲು ತಣ್ಣಗೆ. ತಂಗಿ ಫೋನು ಮಾಡಿದಾಗ ಹೇಳಿದ್ದು ಇಷ್ಟೇ: ‘ಅಣ್ಣಾ, ಜ್ವರ ಅಂತೂ ಬಿಟ್ಟೈತಿ. ನಿಶ್ಶಕ್ತಿಗೆ ಹಿಂಗಾಗಿರ್ಬೇಕು. ಮುಂಜಾನೆ ನೋಡಾಣ.’ ನಾನೂ ‘ಹೂಂ, ಗಂಜಿ ಕುಡಿಸು’ ಅಂದೆ. ಮುಂಜಾನೆ ನೋಡುವ ಹೊತ್ತಿಗೆ ಮಗು ಕರೆದರೂ ಕಣ್ಣು ಬಿಡುತ್ತಿರಲಿಲ್ಲ. ಐವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಬಳ್ಳಾರಿ ಮುಟ್ಟಿದಾಗ ಡಾಕ್ಟರು ಭಾವನ ಮೇಲೆ ಹರಿಹಾಯ್ದರು: ‘ಕಾರ್ಡಿನ ಹಿಂದೆ ಬರೆದಿಲ್ಲವೇನ್ರಿ? ಓದೋಕೆ ಏನಾಗಿತ್ತು?’

ನಮ್ಮ ಭಾವ ದಿನಾ ಬೆಳಿಗ್ಗೆ ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಮನುಷ್ಯ. ಹೊಲದ ಕಾಗದ, ಸೊಸೈಟಿ ಸಾಲದ ಕರಾರು ಎಲ್ಲ ಓದಿಯೇ ಸಹಿ ಹಾಕುವವರು. ಅಂಥವರು ನಾಲ್ಕು ಜನರ ಎದುರು ತಲೆ ತಗ್ಗಿಸಿ ನಿಂತರು.

ಮಗು ಉಳಿಯಿತು. ಐಸಿಯುನಲ್ಲಿ ಆರು ದಿನ ಇಟ್ಟರು. ತಂಗಿಯ ಬಂಗಾರ ಅಡವು ಹೋಯಿತು, ಹೋಗಲಿ. ನಾನು ಆ ಕಾರ್ಡನ್ನು ಇಸಿದುಕೊಂಡು ತಿರುಗಿಸಿ ನೋಡಿದೆ. ಬೆನ್ನಲ್ಲಿ ಎಂಟು ಸಾಲು ಇಂಗ್ಲಿಷ್. ಹೊಟ್ಟೆನೋವು, ವಾಂತಿ, ಮಂಕು, ತಣ್ಣನೆಯ ಕೈಕಾಲು, ರಕ್ತ, ಎಲ್ಲ ಇತ್ತು. ಹಿಂದಿನ ರಾತ್ರಿ ಆದದ್ದೆಲ್ಲ ಅಲ್ಲಿ ಮೊದಲೇ ಬರೆದಿಟ್ಟ ಹಾಗಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು ಇತ್ತು.

ನಮ್ಮದೇ ಪ್ರೆಸ್ಸು.

ಜ್ವರ ಬಿಟ್ಟಾಗಲೇ ಗಂಡಾಂತರ

ಈ ಮಾತು ಪ್ರತಿ ಕನ್ನಡದ ತಾಯಿಗೂ ಗೊತ್ತಿರಬೇಕು. ಡೆಂಗಿಯಲ್ಲಿ ಜ್ವರ ಏರಿರುವ ದಿನಗಳಿಗಿಂತ ಜ್ವರ ಇಳಿಯುವ ಹೊತ್ತೇ ಹೆಚ್ಚು ಅಪಾಯ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಅಲ್ಲಿಂದ ಮುಂದಿನ ಒಂದೆರಡು ದಿನ ಕೆಲವರಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರುತ್ತದೆ. ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ಆ ಹೊತ್ತಿಗೆ ಸರಿಯಾಗಿ ಗ್ಲೂಕೋಸು, ಸಲೈನು ಸಿಕ್ಕರೆ ಬಹುಪಾಲು ಜನ ಬದುಕುತ್ತಾರೆ. ತಡವಾದರೆ ಕೈ ಮೀರುತ್ತದೆ. ಡೆಂಗಿ ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಮಗು ಉಳಿಯುವುದು ತಾಯಿ ತಂದೆ ಲಕ್ಷಣ ಗುರುತಿಸಿ ಎಷ್ಟು ಬೇಗ ಓಡಿ ಬರುತ್ತಾರೆ ಎಂಬುದರ ಮೇಲೆ.

ಅಂದರೆ ಈ ರೋಗದಲ್ಲಿ ತಿಳಿವಳಿಕೆಯೇ ಅರ್ಧ ಔಷಧ. ಆ ಔಷಧವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈ ಕೊಡದೆ ಕಳಿಸಿದರೆ ಅದನ್ನು ಚಿಕಿತ್ಸೆ ಎನ್ನುವುದೋ, ದ್ರೋಹ ಎನ್ನುವುದೋ? ನೀವೇ ಹೇಳಿ.

ನಮ್ಮ ಜನ ಪ್ಲೇಟ್‌ಲೆಟ್ ಎಷ್ಟಾಯಿತು ಎಂದು ಮಾತ್ರ ಕೇಳುತ್ತಾರೆ ಎಂದು ವೈದ್ಯರು ನಗುತ್ತಾರೆ. ಸ್ವಾಮಿ, ಆ ರಿಪೋರ್ಟಿನಲ್ಲಿ ನಮಗೆ ಅರ್ಥವಾಗುವುದು ಅಂಕಿ ಒಂದೇ! ಉಳಿದದ್ದೆಲ್ಲ ಮುಚ್ಚಿದ ಬಾಗಿಲು. ‘ನಾನ್ ರಿಯಾಕ್ಟಿವ್’ ಎಂದು ಬಂದರೆ ಔಷಧ ಮೈಗೆ ಹತ್ತಿಲ್ಲ ಎಂದು ಹೆದರುವವರನ್ನು ನಾನು ನೋಡಿದ್ದೇನೆ. ‘ಐಜಿಜಿ ಪಾಸಿಟಿವ್’ ಎಂದರೆ ಹಿಂದೆ ಯಾವಾಗಲೋ ಡೆಂಗಿ ಬಂದು ಹೋಗಿದ್ದರೂ ಇರಬಹುದು ಎಂಬುದು ಎಷ್ಟು ಜನರಿಗೆ ಗೊತ್ತು? 2024ರ ಜುಲೈನಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳಲ್ಲಿ ಡೆಂಗಿಯ ಎಲೈಸಾ ಪರೀಕ್ಷೆಗೆ 300 ರೂಪಾಯಿ, ರ‍್ಯಾಪಿಡ್ ಕಾರ್ಡಿಗೆ 250 ರೂಪಾಯಿ ಎಂದು ದರ ಕಟ್ಟಿತು. ಒಳ್ಳೆಯ ಕೆಲಸ, ಬೇಡವೆನ್ನುವುದಿಲ್ಲ. ಆದರೆ ದುಡ್ಡು ಕೊಟ್ಟು ತಂದ ಆ ಹಾಳೆ ಓದಲು ಬರಬೇಕಲ್ಲ? ದರಕ್ಕೆ ಆದೇಶ ಹೊರಡಿಸಿದ ಸರ್ಕಾರಕ್ಕೆ ಭಾಷೆಗೂ ಒಂದು ಸಾಲು ಸೇರಿಸಲು ಶಾಯಿ ಇರಲಿಲ್ಲವೇ?

ಕುರುಗೋಡಿನ ನಾಯಿ, ಸಿರುಗುಪ್ಪದ ಗದ್ದೆ

ಡೆಂಗಿ ಒಂದೇ ಅಲ್ಲ. ನಮ್ಮ ಪ್ರೆಸ್ಸಿನ ಬೈಂಡರ್ ಹುಡುಗ ಕುರುಗೋಡಿನವನು. ಅವನ ತಂದೆಗೆ ನಾಯಿ ಕಚ್ಚಿತು. ಇಂಜೆಕ್ಷನ್ ಕಾರ್ಡು ಕೊಟ್ಟರು. ಅದರಲ್ಲಿ ‘ಡಿ-0, ಡಿ-3, ಡಿ-7, ಡಿ-28’ ಎಂದು ಇಂಗ್ಲಿಷ್ ಮನೆಗಳು. ಹಿರಿಯರು ಎರಡು ಸಲ ಹೋಗಿ ಬಂದರು, ಆಮೇಲೆ ನಿಲ್ಲಿಸಿದರು. ಯಾಕೆ ಎಂದರೆ, ‘ಡಿ-3 ಆಗಿದೆಯಲ್ಲ, ಮೂರನೇದು ಮುಗೀತು ಅಂದ್ಕಂಡೆ’ ಅಂದರು! ಅದು ಮೂರನೇ ಡೋಸಲ್ಲ, ಮೂರನೇ ದಿನ ಎಂದು ಯಾರು ಹೇಳಬೇಕಿತ್ತು? ಹುಡುಗ ಕಾರ್ಡನ್ನು ಪ್ರೆಸ್ಸಿಗೆ ತಂದು ತೋರಿಸಿದ್ದರಿಂದ ಮತ್ತೆ ಓಡಿಸಿದೆವು. ರೇಬೀಸಿನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಅಂಥ ರೋಗದ ಕಾರ್ಡಿನಲ್ಲಿ ‘ಮುಂದಿನ ಸೂಜಿ: ಸೋಮವಾರ, ಇಂಥ ತಾರೀಖು’ ಎಂದು ಬರೆಯಲು ಎಷ್ಟು ಖರ್ಚಾಗುತ್ತದೆ? ನಾನು ಪ್ರೆಸ್ಸಿನವನು, ಹೇಳುತ್ತೇನೆ ಕೇಳಿ: ಒಂದು ಪೈಸೆಯೂ ಹೆಚ್ಚಿಗೆ ಆಗುವುದಿಲ್ಲ. ಇಂಗ್ಲಿಷಿಗೆ ಹಾಕುವ ಪ್ಲೇಟೇ ಕನ್ನಡಕ್ಕೂ.

ಇನ್ನು ಸಿರುಗುಪ್ಪ. ತುಂಗಭದ್ರೆಯ ನೀರು ಬಂತು, ಭತ್ತ ಬಂತು. ಭತ್ತದ ಗದ್ದೆಯಲ್ಲಿ ನಿಂತ ನೀರಿನ ಜೊತೆ ಇನ್ನೊಂದು ಸೊಳ್ಳೆಯೂ ಬಂತು. ಅದು ತರುವ ರೋಗ ಮೆದುಳು ಜ್ವರ, ಜಪಾನೀಸ್ ಎನ್ಸೆಫಲೈಟಿಸ್. ಹಂದಿ ಮತ್ತು ಕೊಕ್ಕರೆಯಂಥ ನೀರಹಕ್ಕಿಗಳ ಮೈಯಲ್ಲಿ ಈ ವೈರಸ್ ಇರುತ್ತದೆ. ಅವುಗಳನ್ನು ಕಚ್ಚಿದ ಸೊಳ್ಳೆ ಮನುಷ್ಯರನ್ನು ಕಚ್ಚಿದರೆ ಅಂಟುತ್ತದೆ. ಬಹಳ ಜನರಿಗೆ ಏನೂ ಆಗುವುದಿಲ್ಲ. ಆದರೆ ಮೆದುಳಿಗೆ ಏರಿದವರಲ್ಲಿ ನೂರಕ್ಕೆ ಮೂವತ್ತರವರೆಗೆ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬದುಕುಳಿದವರಲ್ಲಿ ನೂರಕ್ಕೆ ಮೂವತ್ತರಿಂದ ಐವತ್ತು ಜನ ಕೈಕಾಲು, ಮಾತು, ಬುದ್ಧಿ ಊನವಾಗಿ ಉಳಿಯುತ್ತಾರೆ.

ಇದಕ್ಕೆ ಲಸಿಕೆ ಇದೆ. 2006ರಲ್ಲಿ ದೇಶದಲ್ಲಿ ಮೊದಲ ಹಂತದ ಲಸಿಕೆಗೆ ಆರಿಸಿದ 11 ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಒಂದರಿಂದ ಹದಿನೈದು ವರ್ಷದ ಮಕ್ಕಳಿಗೆ ಆಗ ಲಸಿಕೆ ಹಾಕಿದರು. ಆ ಔಷಧ ಬಂದದ್ದು ಚೀನಾದಿಂದ. ಈಗ ಮಕ್ಕಳಿಗೆ ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು ಡೋಸು ಪುಕ್ಕಟೆ ಹಾಕುತ್ತಾರೆ. ನಿಮ್ಮ ಮೊಮ್ಮಗುವಿಗೆ ಎರಡನೆಯದು ಆಗಿದೆಯೇ? ತಾಯಿ ಕಾರ್ಡು ತೆಗೆದು ನೋಡಿ. ‘ಜೆಇ’ ಎಂಬ ಎರಡಕ್ಷರ ಇರುತ್ತದೆ. ಜೆಇ ಎಂದರೆ ಮೆದುಳು ಜ್ವರ ಎಂದು ಎಷ್ಟು ತಾಯಂದಿರಿಗೆ ಗೊತ್ತು? ಮೊದಲ ಸೂಜಿಗೆ ಮಗುವಿಗೆ ಸ್ವಲ್ಪ ಮೈ ಬಿಸಿಯಾದರೆ ಎರಡನೆಯದಕ್ಕೆ ಹೋಗುವುದೇ ಬೇಡ ಎಂದು ಅತ್ತೆ ಹೇಳುತ್ತಾಳೆ, ಸೊಸೆ ಕೇಳುತ್ತಾಳೆ. ಅರ್ಥವಾಗದ ಎರಡಕ್ಷರಕ್ಕಾಗಿ ಯಾರು ತಾನೇ ಕೂಲಿ ಬಿಟ್ಟು ಹೋಗುತ್ತಾರೆ?

ಇಲ್ಲೊಂದು ವಿಚಿತ್ರ ಕೇಳಿ. ನಮ್ಮ ದೇಶದಲ್ಲೇ ತಯಾರಿಸಿ 2013ರಲ್ಲಿ ಬಿಡುಗಡೆ ಮಾಡಿದ ‘ಜೆನ್‌ವ್ಯಾಕ್’ ಎಂಬ ಮೆದುಳು ಜ್ವರದ ಲಸಿಕೆ ಇದೆ. ಅದಕ್ಕೆ ಬಳಸಿದ ವೈರಸ್ ಸಿಕ್ಕಿದ್ದು ಎಲ್ಲಿ ಗೊತ್ತೇ? ನಮ್ಮ ಕೋಲಾರದಲ್ಲಿ. ವಿಜ್ಞಾನಿಗಳು ಅದನ್ನು ಕರೆಯುವುದೇ ಕೋಲಾರ ತಳಿ ಎಂದು. ವೈರಸ್ ಕನ್ನಡ ನೆಲದ್ದು, ಆದರೆ ಲಸಿಕೆಯ ಡಬ್ಬಿಯೊಳಗೆ ಮಡಚಿಟ್ಟ ಕಾಗದದಲ್ಲಿ ಕನ್ನಡವಿಲ್ಲ. ರೋಗ ಕೊಡಲು ನಾವು ಬೇಕು, ಓದಲು ನಾವು ಬೇಡ!

‘ಕನ್ನಡದಲ್ಲಿ ಪದಗಳಿಲ್ಲ’ ಎಂಬ ಹಳೇ ರಾಗ

ಇದನ್ನು ಕೇಳಿದಾಗಲೆಲ್ಲ ಒಂದು ಉತ್ತರ ಸಿದ್ಧವಿರುತ್ತದೆ. ವೈದ್ಯಕೀಯಕ್ಕೆ ಕನ್ನಡದಲ್ಲಿ ಪದಗಳಿಲ್ಲವಂತೆ.

ಚಿಕೂನ್‌ಗುನ್ಯಾ ಎಂಬ ಪದ ಯಾವ ಭಾಷೆಯದು? ಇಂಗ್ಲಿಷಿನದಲ್ಲ, ಲ್ಯಾಟಿನ್ನಿನದಲ್ಲ. ಆಫ್ರಿಕಾದ ಟಾಂಜಾನಿಯಾ, ಮೊಜಾಂಬಿಕ್ ಗಡಿಯ ಕಡೆಯ ಮಕೊಂಡೆ ಜನರ ಮಾತು. ಕೀಲುನೋವಿನಿಂದ ಮೈ ಬಗ್ಗಿಹೋಗುವುದಕ್ಕೆ ಆ ಜನ ಅಂದ ಮಾತು ಅದು. 1952ರಲ್ಲಿ ಅಲ್ಲಿ ರೋಗ ಹಬ್ಬಿದಾಗ ಆ ಮಾತನ್ನೇ ಹೆಸರಾಗಿ ತೆಗೆದುಕೊಂಡರು. ಇವತ್ತು ಲಂಡನ್ನಿನ ಪ್ರೊಫೆಸರೂ ಅದನ್ನೇ ಉಚ್ಚರಿಸಬೇಕು. ಕನ್ನಡ ಆಡುವವರ ಮುಂದೆ ಮಕೊಂಡೆ ಆಡುವವರ ಸಂಖ್ಯೆ ಎಷ್ಟು? ಆ ಭಾಷೆಗೆ ಇರುವ ಯೋಗ್ಯತೆ ಕನ್ನಡಕ್ಕಿಲ್ಲವೇ?

ಅಷ್ಟು ದೂರ ಯಾಕೆ? 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರೂ ಸತ್ತರು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಆ ರೋಗದ ಹೆಸರು ಕ್ಯಾಸನೂರು ಕಾಡಿನ ರೋಗ. ನಮ್ಮ ಜನ ಮಾತ್ರ ಯಾವ ಸಮಿತಿಯನ್ನೂ ಕೇಳದೆ ಅದಕ್ಕೆ ‘ಮಂಗನ ಕಾಯಿಲೆ’ ಎಂದರು. ಮಂಗ ಸತ್ತು ಬಿದ್ದ ಕಡೆ ಹೋಗಬೇಡ ಎಂಬ ಎಚ್ಚರಿಕೆ ಆ ಎರಡು ಪದಗಳಲ್ಲೇ ಇದೆ. ಇದಕ್ಕಿಂತ ಒಳ್ಳೆಯ ಪದ ಯಾವ ಪಂಡಿತ ಕಟ್ಟಬಲ್ಲ?

ಹೆಸರು ಅರ್ಥವಾಗದಿದ್ದರೆ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. 2006ರಲ್ಲಿ ದೇಶದಲ್ಲಿ ಸುಮಾರು 13 ಲಕ್ಷ 90 ಸಾವಿರ ಜನರಿಗೆ ಚಿಕೂನ್‌ಗುನ್ಯಾ ಶಂಕೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ. ಆಗ ಜನ ಏನು ಮಾಡಿದರು? ‘ಚಿಕನ್ ಗುನ್ಯಾ’ ಎಂದುಕೊಂಡು ಕೋಳಿ ತಿನ್ನುವುದನ್ನು ಬಿಟ್ಟರು! ಬಡ ಕೋಳಿಗೆ ಅಪವಾದ, ಬಚ್ಚಲ ಪಕ್ಕದ ಡ್ರಮ್ಮಿನಲ್ಲಿ ಸೊಳ್ಳೆ ಆರಾಮವಾಗಿ ಮರಿ ಹಾಕುತ್ತಿತ್ತು. ಜನರನ್ನು ದಡ್ಡರೆಂದು ನಕ್ಕರು. ‘ಇದು ಕೋಳಿಯಿಂದಲ್ಲ, ಹಗಲು ಕಚ್ಚುವ ಸೊಳ್ಳೆಯಿಂದ’ ಎಂದು ಮೊದಲ ದಿನವೇ ಅವರ ಮಾತಿನಲ್ಲಿ ಹೇಳದವರು ದಡ್ಡರೋ, ಜನ ದಡ್ಡರೋ?

ಸರ್ಕಾರ ಕನ್ನಡದಲ್ಲಿ ಕರಪತ್ರ ಹಂಚುತ್ತದೆ ಎಂದು ಹೇಳುವವರಿದ್ದಾರೆ. ನಿಜ, ಹಂಚುತ್ತದೆ. ನಾನೂ ಅಚ್ಚು ಹಾಕಿದ್ದೇನೆ. ಅಂಥ ಒಂದರಲ್ಲಿ ಇದ್ದ ಸಾಲು: ‘ಈಡಿಸ್ ಸೊಳ್ಳೆಗಳ ಉತ್ಪತ್ತಿ ತಾಣಗಳ ನಿರ್ಮೂಲನೆಗೆ ಸಾರ್ವಜನಿಕರು ಸಹಕರಿಸತಕ್ಕದ್ದು.’ ಇದು ಲಿಪಿಯಲ್ಲಿ ಕನ್ನಡ, ಅಷ್ಟೆ. ‘ಡ್ರಮ್ಮು, ತೊಟ್ಟಿ ಮುಚ್ಚಿಡಿ. ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ, ಒಳಗೆ ತಿಕ್ಕಿ ತೊಳೆದು, ಒಣಗಿಸಿ ತುಂಬಿ’ ಎಂದು ಬರೆದರೆ ಅಧಿಕಾರಿಯ ಗೌರವ ಕಡಿಮೆಯಾಗುತ್ತದೆಯೇ? ಬಳ್ಳಾರಿಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಆದ್ದರಿಂದ ಮನೆಮನೆಯಲ್ಲಿ ಡ್ರಮ್ಮು, ಸಿಂಟೆಕ್ಸು, ಕೊಡಗಳ ಸಾಲು. ಡೆಂಗಿ ಸೊಳ್ಳೆಗೆ ಬೇಕಾದದ್ದೂ ಅದೇ ತಿಳಿ ನೀರು. ನೀರು ಬಿಡಲಾರದ ಆಡಳಿತ, ನೀರು ತುಂಬಿಟ್ಟವರ ಮನೆಯಲ್ಲಿ ಸೊಳ್ಳೆಮರಿ ಸಿಕ್ಕರೆ ದಂಡ ಎಂದು 2024ರಲ್ಲಿ ನಿಯಮ ತಂದಿತು. ನಗರದ ಮನೆಗೆ 400, ಹಳ್ಳಿಯ ಮನೆಗೆ 200 ರೂಪಾಯಿ. ದಂಡದ ಮೊತ್ತ ಮಾತ್ರ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ತಲುಪಿತು. ಮತ್ತೆ ಅದೇ ಕಥೆ: ಕೇಳುವಾಗ ಕನ್ನಡ!

ಕೊರೊನಾ ಕಲಿಸಿದ ಪಾಠ ಮರೆತಿರಾ?

2021ರ ಮೇ 1ರಿಂದ 18 ದಾಟಿದವರಿಗೆಲ್ಲ ಕೊರೊನಾ ಲಸಿಕೆ ಎಂದರು. 18ರಿಂದ 44ರ ವಯಸ್ಸಿನವರು ಕೋವಿನ್ ಎಂಬ ಜಾಲತಾಣದಲ್ಲೇ ಹೆಸರು ಬರೆಸಬೇಕು ಎಂದರು. ಆ ಜಾಲತಾಣ ಆಗ ಇಂಗ್ಲಿಷಿನಲ್ಲಿತ್ತು. ಊರೂರಲ್ಲಿ ಹೆಣ ಬೀಳುತ್ತಿದ್ದ ತಿಂಗಳು ಅದು! ಕನ್ನಡ ಮತ್ತು ಇತರ ಭಾಷೆಗಳು ಅದರೊಳಗೆ ಬಂದದ್ದು ಜೂನ್‌ನಲ್ಲಿ. ಆ ಒಂದು ತಿಂಗಳು ಬೆಂಗಳೂರಿನ ಇಂಗ್ಲಿಷ್ ಬಲ್ಲವರು ಫೋನಿನಲ್ಲಿ ಬೆರಳು ಆಡಿಸಿ ತಾಲ್ಲೂಕು ಕೇಂದ್ರಗಳ ಲಸಿಕೆಯನ್ನೂ ಕಾದಿರಿಸಿಕೊಂಡು ಕಾರಿನಲ್ಲಿ ಬಂದು ಹಾಕಿಸಿಕೊಂಡು ಹೋದರು. ಕೇಂದ್ರದ ಎದುರೇ ಮನೆಯಿದ್ದ ಕೂಲಿಯವನು ನೋಡುತ್ತ ನಿಂತ. ಭಾಷೆ ಎಂದರೆ ಬರೀ ಭಾವನೆ ಎನ್ನುವ ಬುದ್ಧಿವಂತರು ಇದಕ್ಕೆ ಏನು ಹೇಳುತ್ತಾರೆ? ಅವತ್ತು ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ತೀರ್ಮಾನಿಸಿದ್ದು ಭಾಷೆ.

ಹಾಗೆಯೇ ಇನ್ನೊಂದು ಮಾತು. ಹಳ್ಳಿಯ ಜನ ಓದಿದ ಡಾಕ್ಟರನ್ನು ಬಿಟ್ಟು ಆರ್‌ಎಂಪಿ ಹತ್ತಿರ ಯಾಕೆ ಹೋಗುತ್ತಾರೆ? ಅಗ್ಗ ಎಂಬುದು ಅರ್ಧ ಉತ್ತರ. ‘ಏನಮ್ಮಾ, ಮಗಾ ಏನಂತಾನ? ರಾತ್ರಿ ಉಂಡನಾ?’ ಎಂದು ಅವನು ಕೇಳುತ್ತಾನೆ ಎಂಬುದು ಉಳಿದರ್ಧ. ಹಾಗೆ ಕೇಳಿ, ನೋವಿನ ಇಂಜೆಕ್ಷನ್ ಚುಚ್ಚಿ ಕಳಿಸುತ್ತಾನೆ. ಡೆಂಗಿ ಇದ್ದವರಿಗೆ ಕೆಲವು ನೋವಿನ ಔಷಧಗಳಿಂದ ರಕ್ತಸ್ರಾವ ಹೆಚ್ಚುತ್ತದೆ. ಜನರಿಗೆ ಅದು ಗೊತ್ತಿಲ್ಲ. ಗೊತ್ತಿರುವ ದೊಡ್ಡ ಡಾಕ್ಟರು ಜನರ ಮಾತಿನಲ್ಲಿ ಹೇಳುವುದಿಲ್ಲ. ವೈರಸ್ ಜ್ವರಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ ಎಂಬುದೂ ವೈದ್ಯರಿಗೆಲ್ಲ ಗೊತ್ತು. ಆದರೂ ಚೀಟಿಯಲ್ಲಿ ಅದು ಇಳಿಯುತ್ತದೆ. ಚೀಟಿಯಲ್ಲಿ ಪ್ರತಿ ಔಷಧದ ಎದುರು ‘ಇದು ಇಂಥದ್ದಕ್ಕೆ’ ಎಂದು ಕನ್ನಡದಲ್ಲಿದ್ದರೆ ‘ಇದು ನನಗೆ ಯಾಕೆ ಸಾರ್?’ ಎಂಬ ಪ್ರಶ್ನೆ ಹುಟ್ಟುತ್ತದೆ. ಕೆಲವರಿಗೆ ಕನ್ನಡ ಬೇಡವಾಗಿರುವುದು ಆ ಪ್ರಶ್ನೆಗೆ ಹೆದರಿಯೇ ಎಂದು ನನ್ನ ಅನುಮಾನ.

ಎಲ್ಲ ವೈದ್ಯರೂ ಹಾಗಲ್ಲ. ಜನ ವಿಮ್ಸ್ ಎಂದೇ ಕರೆಯುವ ನಮ್ಮ ಬಳ್ಳಾರಿಯ ಮೆಡಿಕಲ್ ಕಾಲೇಜು 1961ರಲ್ಲಿ ಶುರುವಾದದ್ದು. ರಾಯಚೂರು, ಕೊಪ್ಪಳದಿಂದ, ಗಡಿಯಾಚೆಯ ಆದೋನಿ, ರಾಯದುರ್ಗದಿಂದ ಬಡವರು ಬರುವುದು ಅಲ್ಲಿಗೇ. ಹಗಲು ರಾತ್ರಿ ದುಡಿಯುವ, ಕನ್ನಡದಲ್ಲಿ ತಾಳ್ಮೆಯಿಂದ ಮಾತಾಡುವ ವೈದ್ಯರೂ ನರ್ಸುಗಳೂ ಈ ಊರಿನಲ್ಲಿದ್ದಾರೆ. ಬಿಸಿಲಲ್ಲಿ ಮನೆಮನೆ ತಿರುಗಿ ಹೇಳುವ ಆಶಾ ತಾಯಂದಿರಿದ್ದಾರೆ. ಅವರಿಗೆಲ್ಲ ನಮಸ್ಕಾರ. ಆದರೆ ಆಡಿದ ಮಾತು ಆಸ್ಪತ್ರೆಯ ಬಾಗಿಲು ದಾಟುವ ಹೊತ್ತಿಗೆ ಅರ್ಧ ಮರೆಯುತ್ತದೆ. ರಾತ್ರಿ ಹನ್ನೆರಡಕ್ಕೆ ಮಗು ವಾಂತಿ ಮಾಡಿಕೊಂಡಾಗ ತಾಯಿಯ ಕೈಯಲ್ಲಿ ಉಳಿಯುವುದು ಕಾಗದ ಒಂದೇ. ಆ ಕಾಗದ ಮಾತಾಡಬೇಕು.

ನಮ್ಮ ತಪ್ಪೂ ಇದೆ

ಕನ್ನಡ ಹೋರಾಟಗಾರರಿಗೂ ಒಂದು ಮಾತು ಹೇಳಲೇಬೇಕು. ಸಿಟ್ಟಾಗಬೇಡಿ. ನಾವು ಬೋರ್ಡಿಗೆ ಹೋರಾಡಿದೆವು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಬೀದಿಗಿಳಿದೆವು, ಲಾಠಿ ಕಂಡೆವು, ಜೈಲು ಕಂಡೆವು. 2024ರಲ್ಲಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಎಂಬುದು ಕಾನೂನಾಯಿತು. ಅದು ದೊಡ್ಡ ಗೆಲುವು. ಆದರೆ ಬೋರ್ಡು ಓದಲಾಗದೆ ಯಾರೂ ಸತ್ತಿಲ್ಲ. ಆಸ್ಪತ್ರೆಯ ಹೊರಗಿನ ಬೋರ್ಡು ಕನ್ನಡವಾಯಿತೆಂದು ಹಾರ ಹಾಕಿ ಬಂದ ನಾವು, ಒಳಗೆ ಹೋಗಿ ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿದೆ ಎಂದು ನೋಡಿದೆವೇ? ಆಪರೇಷನ್‌ಗೆ ಮುಂಚೆ ‘ಇಲ್ಲಿ ಸೈನ್ ಮಾಡಿ’ ಎಂದು ಬೆರಳು ತೋರಿಸುತ್ತಾರಲ್ಲ, ಆ ಹಾಳೆಯಲ್ಲಿ ಏನಿದೆ? ಓದಲಾಗದ ಹಾಳೆಗೆ ಹಾಕಿಸಿಕೊಂಡ ಸಹಿ ಒಪ್ಪಿಗೆ ಹೇಗಾಗುತ್ತದೆ?

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು, ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತೆ ಮಾಡಬೇಕೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರಿಗೆ ಪತ್ರ ಬರೆದರು. ಔಷಧದ ಹೆಸರು ಕನ್ನಡದಲ್ಲಿ ಬರೆದರೆ ಎಡವಟ್ಟಾಗುತ್ತದೆ ಎಂದು ಗದ್ದಲವೆದ್ದಿತು. ಸರಿ, ಆ ಭಯ ಇದ್ದರೆ ಔಷಧದ ಹೆಸರನ್ನು ಇಂಗ್ಲಿಷಿನಲ್ಲೇ ಬಿಡಿ. ಎಲ್ಲರಿಗೂ ತಿಳಿಯುವ ದಪ್ಪ ಅಕ್ಷರದಲ್ಲಿ ಬರೆಯಿರಿ. ಆದರೆ ಯಾತಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ದಿನ, ಯಾವಾಗ ಓಡಿ ಬರಬೇಕು, ಇವು ನಾಲ್ಕನ್ನು ಕನ್ನಡದಲ್ಲಿ ಬರೆಯಲು ಯಾವ ಎಡವಟ್ಟು? ನಾಳೆಯೇ ಎಂಬಿಬಿಎಸ್ ಪಾಠ ಕನ್ನಡದಲ್ಲಿ ಮಾಡಿ ಎಂದು ನಾನು ಕೇಳುತ್ತಿಲ್ಲ. 2022ರ ಅಕ್ಟೋಬರಿನಲ್ಲಿ ಭೋಪಾಲದಲ್ಲಿ ಹಿಂದಿ ಎಂಬಿಬಿಎಸ್ ಪುಸ್ತಕಗಳನ್ನು ಕೇಂದ್ರ ಗೃಹ ಸಚಿವರೇ ಬಂದು ಬಿಡುಗಡೆ ಮಾಡಿದರು. ಹಿಂದಿಗೆ ಪುಸ್ತಕವನ್ನೇ ಬರೆಸಬಹುದಾದರೆ ಕನ್ನಡಕ್ಕೆ ಎಂಟು ಸಾಲು ಬರೆಸಲಾಗದೇ?

ಮತ್ತೊಂದು ಎಚ್ಚರ. ಇದು ತೆಲುಗಿನವರ ಮೇಲೋ, ಉರ್ದು ಆಡುವವರ ಮೇಲೋ ಹೂಡಿದ ಜಗಳವಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿದಾಗಿನಿಂದ ನಮ್ಮ ಓಣಿಗಳಲ್ಲಿ ಎಲ್ಲ ಮಾತುಗಳೂ ಇವೆ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವವರ ಮಕ್ಕಳೂ ಶಾಲೆಯಲ್ಲಿ ಕಲಿತದ್ದು ಕನ್ನಡ ಅಕ್ಷರ. ಕನ್ನಡದಲ್ಲಿ ಬರೆದ ಎಚ್ಚರಿಕೆ ಆ ಮನೆಗಳನ್ನೂ ಕಾಯುತ್ತದೆ. ಸೊಳ್ಳೆ ಯಾರ ಮಾತೃಭಾಷೆಯನ್ನೂ ಕೇಳಿ ಕಚ್ಚುವುದಿಲ್ಲ.

ಏನು ಮಾಡಬೇಕು?

ಖಾಸಗಿ ಆಸ್ಪತ್ರೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅವರಿಗೆ ನಾವು ಅರ್ಜಿ ಕೊಡೋಣ. ಜ್ವರದ ರೋಗಿಯನ್ನು ಕಳಿಸುವಾಗ ಅಪಾಯದ ಲಕ್ಷಣಗಳನ್ನು ಕನ್ನಡದಲ್ಲಿ ಅಚ್ಚಾದ ಹಾಳೆಯಲ್ಲಿ ಕೊಡಬೇಕು. ಲ್ಯಾಬ್ ರಿಪೋರ್ಟಿನ ತಳದಲ್ಲಿ ಫಲಿತಾಂಶದ ಅರ್ಥ ಒಂದು ಸಾಲು ಕನ್ನಡದಲ್ಲಿರಬೇಕು. ನಾಯಿ ಕಡಿತದ ಕಾರ್ಡಿನಲ್ಲಿ ವಾರ, ತಾರೀಖು ಕನ್ನಡದಲ್ಲಿರಬೇಕು. ತಾಯಿ ಕಾರ್ಡಿನಲ್ಲಿ ‘ಜೆಇ’ ಪಕ್ಕ ‘ಮೆದುಳು ಜ್ವರ’ ಎಂದಿರಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಿ ಹೇಳಬೇಕು. ಸರ್ಕಾರಿ ಕರಪತ್ರ ಅಚ್ಚಿಗೆ ಹೋಗುವ ಮುನ್ನ ಒಬ್ಬ ಆಶಾ ಕಾರ್ಯಕರ್ತೆ ಪ್ರೂಫ್ ಓದಿ ‘ಅರ್ಥ ಆಯ್ತು’ ಎಂದು ಸಹಿ ಹಾಕಬೇಕು. ಇದರಲ್ಲಿ ಯಾವುದಕ್ಕೂ ಕೋಟಿ ರೂಪಾಯಿ ಬೇಕಾಗಿಲ್ಲ. ನಾಚಿಕೆ ಬೇಕು, ಅಷ್ಟೆ.

ನನ್ನ ಪಾಲಿನದನ್ನು ನಾನು ಶುರು ಮಾಡಿದ್ದೇನೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಯಾವ ಆಸ್ಪತ್ರೆ, ಕ್ಲಿನಿಕ್ಕು ನಮ್ಮಲ್ಲಿ ಪ್ಯಾಡು, ಕಾರ್ಡು ಹಾಕಿಸಿದರೂ ಬೆನ್ನಿಗೆ ಈ ಕೆಳಗಿನ ಸಾಲುಗಳನ್ನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಸಾಲುಗಳನ್ನು ಒಬ್ಬ ಮಕ್ಕಳ ವೈದ್ಯರಿಗೆ ತೋರಿಸಿಯೇ ಜೋಡಿಸಿದ್ದೇನೆ. ‘ಬೇಡ, ಇಂಗ್ಲಿಷೇ ಇರಲಿ’ ಎಂದ ಒಬ್ಬರ ಆರ್ಡರನ್ನು ವಾಪಸು ಕಳಿಸಿದ್ದೇನೆ. ವ್ಯಾಪಾರ ಹೋಯಿತು. ಆ ಕಾರ್ಡಿನ ತಳದಲ್ಲಿ ನಮ್ಮ ಪ್ರೆಸ್ಸಿನ ಹೆಸರಿಲ್ಲ ಎಂಬ ನೆಮ್ಮದಿ ಉಳಿಯಿತು. ರಾಜ್ಯದ ಪ್ರೆಸ್ಸಿನ ಗೆಳೆಯರೇ, ನೀವೂ ಇಷ್ಟು ಮಾಡಿ.

ಓದುಗರೇ, ಇದನ್ನು ಕತ್ತರಿಸಿ ನೀರಿನ ಡ್ರಮ್ಮಿನ ಮೇಲಿನ ಗೋಡೆಗೆ ಅಂಟಿಸಿ:

ಡೆಂಗಿಯಲ್ಲಿ ಜ್ವರ ಬಿಟ್ಟಿತೆಂದು ಮೈಮರೆಯಬೇಡಿ. ಆಮೇಲಿನ ಎರಡು ದಿನ ಕಣ್ಣಿಟ್ಟು ನೋಡಿ.
ಹೊಟ್ಟೆನೋವು ಜೋರಾದರೆ, ಮೇಲಿಂದ ಮೇಲೆ ವಾಂತಿಯಾದರೆ, ತಕ್ಷಣ ಆಸ್ಪತ್ರೆಗೆ.
ಮೂಗು, ಒಸಡಿನಲ್ಲಿ ರಕ್ತ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ, ತಕ್ಷಣ ಆಸ್ಪತ್ರೆಗೆ.
ಕೈಕಾಲು ತಣ್ಣಗಾದರೆ, ಮಗು ಮಂಕಾದರೆ ಅಥವಾ ಚಡಪಡಿಸಿದರೆ, ಉಸಿರಾಟ ಕಷ್ಟವಾದರೆ, ಐದಾರು ತಾಸು ಮೂತ್ರ ಹೋಗದಿದ್ದರೆ, ತಕ್ಷಣ ಆಸ್ಪತ್ರೆಗೆ.
ಬೆಳಗಾಗಲಿ ಎಂದು ಕಾಯಬೇಡಿ.
ಜ್ವರಕ್ಕೆ ಡಾಕ್ಟರು ಹೇಳಿದಷ್ಟೇ ಪ್ಯಾರಾಸಿಟಮಾಲ್. ಬೇರೆ ನೋವಿನ ಗುಳಿಗೆ, ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಬೇಡಿ.
ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆಯಿರಿ. ಅದೇ ದಿನ ಸೂಜಿ. ಹೇಳಿದ ತಾರೀಖುಗಳಲ್ಲಿ ಒಂದನ್ನೂ ಬಿಡಬೇಡಿ.

ಎಣಿಸಿ ನೋಡಿ, ಏಳೇ ಸಾಲು. ಇದರಲ್ಲಿ ಕನ್ನಡಕ್ಕೆ ಬಾರದ ಮಾತು ಯಾವುದಿದೆ? ಮುಂದಿನ ಸಲ ಆಸ್ಪತ್ರೆಯ ಕೌಂಟರಿನಲ್ಲಿ ದುಡ್ಡು ಎಣಿಸಿ ಕೊಡುವ ಮುಂಚೆ ಒಂದೇ ಮಾತು ಕೇಳಿ: ‘ಬಿಲ್ಲು ಅರ್ಥ ಆಯ್ತು ಸ್ವಾಮಿ, ರೋಗ ಅರ್ಥ ಆಗಲಿಲ್ಲ. ಕನ್ನಡದಲ್ಲಿ ಬರೆದುಕೊಡಿ.’ ಬರೆದುಕೊಡುವವರೆಗೆ ಅಲ್ಲಿಂದ ಕದಲಬೇಡಿ.

ಜೈ ಕರ್ನಾಟಕ!